ದೂರವೈದ್ಯ ರೆಫರಲ್

ಫೋನಿನಲ್ಲಿ ಅಥವಾ ವಿಡಿಯೋ ಕರೆಯಲ್ಲಿ ರೋಗಿಯನ್ನು ವಿಚಾರಿಸಿದ ವೈದ್ಯರು ಮುಂದಿನ ಪರೀಕ್ಷೆಗೋ ಚಿಕಿತ್ಸೆಗೋ ಅವರನ್ನು ತಜ್ಞರ ಬಳಿಗೆ, ಇಲ್ಲವೇ ದೊಡ್ಡ ಆಸ್ಪತ್ರೆಗೆ ಬರೆದು ಕಳಿಸುವ ಕ್ರಮ. ಭಾರತದಲ್ಲಿ ದೂರವೈದ್ಯಕ್ಕೆ 2020ರ ಮಾರ್ಚ್‌ನಿಂದ ಸ್ಪಷ್ಟವಾದ ನಿಯಮಗಳಿವೆ. ಕೇಂದ್ರ ಸರ್ಕಾರದ ಇ-ಸಂಜೀವಿನಿ ಮತ್ತು ಟೆಲಿ ಮಾನಸ್, ಕರ್ನಾಟಕದ ಹೃದಯ ಜ್ಯೋತಿ ಯೋಜನೆ, ಖಾಸಗಿ ಆ್ಯಪ್‌ಗಳು, ವೈದ್ಯರ ವಾಟ್ಸ್‌ಆ್ಯಪ್ ಗುಂಪುಗಳು ತಮ್ಮ ತಮ್ಮ ರೀತಿಯಲ್ಲಿ ಈ ಕೆಲಸ ಮಾಡುತ್ತಿವೆ. ರೆಫರಲ್ ಆದಾಗ ರೋಗಿಯ ಜೊತೆಗೆ ಅವರ ಹೊಣೆಯೂ ಒಬ್ಬ ವೈದ್ಯರಿಂದ ಇನ್ನೊಬ್ಬರಿಗೆ ಹೋಗುತ್ತದೆ. ನಡುವೆ ಆ ಹೊಣೆ ಯಾರ ಕೈಯಲ್ಲೂ ಇಲ್ಲದೆ ಕಳೆಯುವ ಹೊತ್ತು ಎಷ್ಟು ಎಂಬುದರಿಂದಲೇ ಇಂಥ ಯಾವುದೇ ವ್ಯವಸ್ಥೆಯ ಗುಣವನ್ನು ಅಳೆಯಬೇಕು.

ಹಿನ್ನೆಲೆ

ರೋಗಿಯನ್ನು ಹಳ್ಳಿಯಿಂದ ಹಂತಹಂತವಾಗಿ ಮೇಲಿನ ಆಸ್ಪತ್ರೆಗೆ ಕಳಿಸುವ ಸರ್ಕಾರಿ ಪದ್ಧತಿಗೆ ಭಾರತದಲ್ಲಿ ತಳಪಾಯ ಹಾಕಿದ್ದು 1946ರ ಭೋರ್ ಸಮಿತಿಯ ವರದಿ. ಇಂದಿನ ಲೆಕ್ಕದಲ್ಲಿ ಬಯಲುಸೀಮೆಯ 5,000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನರಿಗೆ ಒಂದು ಸಮುದಾಯ ಆರೋಗ್ಯ ಕೇಂದ್ರ ಇರಬೇಕು. ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ ಈ ಸಂಖ್ಯೆಗಳು 3,000, 20,000 ಮತ್ತು 80,000. ಇವುಗಳ ಮೇಲೆ ತಾಲ್ಲೂಕು ಆಸ್ಪತ್ರೆ, ಜಿಲ್ಲಾಸ್ಪತ್ರೆ, ವೈದ್ಯಕೀಯ ಕಾಲೇಜು.

ಕೆಳಗಿನವರು ನೋಡಿ, ತಮ್ಮಿಂದ ಆಗದ್ದನ್ನು ಮಾತ್ರ ಮೇಲಕ್ಕೆ ಕಳಿಸಬೇಕು ಎಂಬುದು ಲೆಕ್ಕಾಚಾರ. ಆದರೆ ತಜ್ಞರು ನಗರಗಳಲ್ಲೇ ಉಳಿದರು. ಹಳ್ಳಿಯ ಕೇಂದ್ರದಲ್ಲಿ ಕೆಲಸ ಆಗುವುದಿಲ್ಲ ಎಂದು ಅನುಭವದಿಂದ ಕಂಡುಕೊಂಡವರು ನೇರವಾಗಿ ದೊಡ್ಡಾಸ್ಪತ್ರೆಯ ಬಸ್ಸು ಹತ್ತಿದರು. ಬರೆಸಿಕೊಂಡು ಹೋದವರ ಕೈಯಲ್ಲೂ ಇದ್ದದ್ದು ಬಹುಪಾಲು ‘ಹೆಚ್ಚಿನ ಚಿಕಿತ್ಸೆಗಾಗಿ ಕಳಿಸಲಾಗಿದೆ’ ಎಂಬ ಒಂದು ಸಾಲಿನ ಚೀಟಿ. ಅದನ್ನು ಹಿಡಿದು ಹೊರರೋಗಿ ವಿಭಾಗದ ಸರತಿಯಲ್ಲಿ ಮೊದಲಿನಿಂದ ನಿಲ್ಲಬೇಕು, ಮಾಡಿಸಿದ ರಕ್ತಪರೀಕ್ಷೆಯನ್ನೇ ಮತ್ತೆ ಮಾಡಿಸಬೇಕು. ಒಂದು ದಿನದ ಕೂಲಿ, ಜೊತೆಗೆ ಬಂದವರ ಕೂಲಿ, ಬಸ್ ಚಾರ್ಜು, ಊಟ ಎಲ್ಲ ಸೇರಿದರೆ ಉಚಿತ ಚಿಕಿತ್ಸೆಯೂ ಬಡವರಿಗೆ ದುಬಾರಿಯೇ. ದೂರವೈದ್ಯವು ಉತ್ತರಿಸಬೇಕಾಗಿರುವುದು ಈ ಕಷ್ಟಕ್ಕೆ.

ಉಪಗ್ರಹದ ಕಾಲ

ಭಾರತದ ಮೊದಲ ಹೆಸರಾಂತ ಪ್ರಯೋಗ 2000ರಲ್ಲಿ ಆಂಧ್ರಪ್ರದೇಶದ ಚಿತ್ತೂರು ಜಿಲ್ಲೆಯ ಅರಗೊಂಡ ಗ್ರಾಮದಲ್ಲಿ ಅಪೋಲೊ ಸಂಸ್ಥೆ ನಡೆಸಿದ್ದು. 2001ರಿಂದ ಇಸ್ರೋ ತನ್ನ ಉಪಗ್ರಹಗಳ ಮೂಲಕ ದೂರದ ಆಸ್ಪತ್ರೆಗಳನ್ನು ನಗರದ ವಿಶೇಷ ಆಸ್ಪತ್ರೆಗಳಿಗೆ ಜೋಡಿಸತೊಡಗಿತು. ಕರ್ನಾಟಕದಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳಿಗೆ ಬೆಂಗಳೂರಿನ ನಾರಾಯಣ ಹೃದಯಾಲಯದ ಸಂಪರ್ಕ ದೊರೆಯಿತು. ಸರಗೂರು ಆಸ್ಪತ್ರೆ ಕಾಡಂಚಿನದು, ಹೆಗ್ಗಡದೇವನಕೋಟೆ ಸೀಮೆಯ ಬುಡಕಟ್ಟು ಜನ ಬರುವಂಥದು. ಅಲ್ಲಿನ ಇಸಿಜಿ ಬೆಂಗಳೂರಿನ ಹೃದ್ರೋಗ ತಜ್ಞರ ಕಣ್ಣಿಗೆ ಬೀಳುವುದೆಂದರೆ ಆ ಕಾಲಕ್ಕೆ ಬಹಳ ದೊಡ್ಡ ಮಾತು.

ಉಪಗ್ರಹ ಸಂಪರ್ಕಕ್ಕೆ ಡಿಶ್ ಬೇಕು, ಪ್ರತ್ಯೇಕ ಕೋಣೆ ಬೇಕು, ಅದನ್ನು ನಡೆಸಬಲ್ಲ ಸಿಬ್ಬಂದಿ ಬೇಕು. ಸ್ಮಾರ್ಟ್‌ಫೋನ್ ಬಂದ ಮೇಲೆ ಅಷ್ಟೆಲ್ಲ ಏರ್ಪಾಡಿನ ಅಗತ್ಯ ಉಳಿಯಲಿಲ್ಲ. ಮಂಗಳೂರಿನ ಕೆ.ಎಂ.ಸಿ. ಆಸ್ಪತ್ರೆಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ಆರಂಭಿಸಿದ ‘ಮನೆ ಬಾಗಿಲಿಗೆ ಹೃದಯ ವೈದ್ಯರು’ ಎಂಬ ಆಶಯದ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಕೆಲಸ ಇದಕ್ಕೆ ನಿದರ್ಶನ. ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ, ಜನೌಷಧಿ ಮಳಿಗೆಗಳಿಗೆ ಇಸಿಜಿ ಯಂತ್ರ ಕೊಡಿಸಿ, ಹಳ್ಳಿಯ ವೈದ್ಯರನ್ನೂ ತಜ್ಞರನ್ನೂ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸೇರಿಸಲಾಯಿತು. ಇಸಿಜಿಯ ಫೋಟೋ ಗುಂಪಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ‘ಗ್ಯಾಸ್ಟ್ರಿಕ್ ಇರಬಹುದು, ಗಾಬರಿ ಬೇಡ’ ಎಂದೋ ‘ಆಂಬುಲೆನ್ಸ್ ಹತ್ತಿಸಿ’ ಎಂದೋ ಉತ್ತರ ಸಿಗುವುದು ಇದರ ಬಲ.

ನಿಯಮಗಳು

2020ಕ್ಕೆ ಮೊದಲು ಫೋನಿನಲ್ಲಿ ಔಷಧ ಹೇಳಿದ ವೈದ್ಯರಿಗೆ ರಕ್ಷಣೆಯೂ ಇರಲಿಲ್ಲ, ಮಿತಿಯೂ ಗೊತ್ತಿರಲಿಲ್ಲ. 2018ರಲ್ಲಿ ರತ್ನಾಗಿರಿಯ ಪ್ರಕರಣವೊಂದರಲ್ಲಿ ವೈದ್ಯರಿಲ್ಲದ ಆಸ್ಪತ್ರೆಯಲ್ಲಿ ಫೋನ್ ಮೂಲಕವೇ ಚಿಕಿತ್ಸೆ ಸೂಚಿಸಿ, ರೋಗಿ ತೀರಿಕೊಂಡಾಗ ಬಾಂಬೆ ಹೈಕೋರ್ಟ್ ವೈದ್ಯ ದಂಪತಿಗೆ ನಿರೀಕ್ಷಣಾ ಜಾಮೀನು ನಿರಾಕರಿಸಿತು. ಆ ಆದೇಶದ ನಂತರ ಅನೇಕ ವೈದ್ಯರು ಫೋನ್ ಸಲಹೆಗೇ ಹೆದರಿದರು.

ಕೋವಿಡ್ ಲಾಕ್‌ಡೌನ್ ಆರಂಭವಾದ 2020ರ ಮಾರ್ಚ್ 25ರಂದೇ ಕೇಂದ್ರ ಆರೋಗ್ಯ ಸಚಿವಾಲಯ ದೂರವೈದ್ಯ ವೃತ್ತಿಯ ಮಾರ್ಗಸೂಚಿಯನ್ನು ಹೊರಡಿಸಿತು. ಅದು ವೈದ್ಯರ ವೃತ್ತಿನಡತೆಯ 2002ರ ನಿಯಮಗಳಿಗೆ ಅನುಬಂಧವಾಗಿ ಸೇರಿತು. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮಗಳನ್ನು ಪ್ರಕಟಿಸಿದರೂ ಅದೇ ತಿಂಗಳಲ್ಲಿ ಅವುಗಳನ್ನು ತಡೆಹಿಡಿಯಿತು.

ಮಾರ್ಗಸೂಚಿಯ ಪ್ರಕಾರ ನೋಂದಾಯಿತ ವೈದ್ಯರು ಮಾತ್ರ ದೂರದಿಂದ ಸಲಹೆ ಕೊಡಬಹುದು; ಕೃತಕ ಬುದ್ಧಿಮತ್ತೆಯ ಯಂತ್ರ ನೇರವಾಗಿ ರೋಗಿಗೆ ಔಷಧ ಬರೆಯುವಂತಿಲ್ಲ. ವೈದ್ಯರಿಗೆ ರೋಗಿ ಯಾರೆಂದು, ರೋಗಿಗೆ ವೈದ್ಯರು ಯಾರೆಂದು ತಿಳಿದಿರಬೇಕು. ಪ್ಯಾರಾಸಿಟಮಾಲ್, ಓಆರ್‌ಎಸ್‌ನಂಥವನ್ನು ಯಾವ ಬಗೆಯ ಕರೆಯಲ್ಲಾದರೂ ಹೇಳಬಹುದು. ಇನ್ನು ಕೆಲವಕ್ಕೆ ಮೊದಲ ಭೇಟಿ ವಿಡಿಯೋದಲ್ಲೇ ಆಗಬೇಕು. ಮಾದಕ ದ್ರವ್ಯ ಕಾಯ್ದೆಯಡಿ ಬರುವ ಔಷಧಗಳಿಗೆ ಮತ್ತು ಔಷಧ ನಿಯಮಗಳ ಎಕ್ಸ್ ಅನುಸೂಚಿಯಲ್ಲಿರುವವಕ್ಕೆ ದೂರದಿಂದ ಚೀಟಿಯೇ ಇಲ್ಲ. ದೂರದಿಂದ ನೋಡಿದ್ದು ಸಾಲದೆನಿಸಿದ ಕೂಡಲೇ ಖುದ್ದು ಪರೀಕ್ಷೆಗೆ ಕಳಿಸುವ ವಿವೇಚನೆ ವೈದ್ಯರದು. ತುರ್ತು ಸಂದರ್ಭದಲ್ಲಂತೂ ಪ್ರಥಮ ಚಿಕಿತ್ಸೆ ತಿಳಿಸಿ, ಆದಷ್ಟು ಬೇಗ ವೈದ್ಯರನ್ನು ಮುಖತಃ ಕಾಣುವಂತೆ ಹೇಳಲೇಬೇಕು.

ರೆಫರಲ್ ದೃಷ್ಟಿಯಿಂದ ಈ ದಾಖಲೆಯ ಮುಖ್ಯ ಮಾತು ಬೇರೊಂದು ಕಡೆ ಇದೆ. ಒಬ್ಬ ವೈದ್ಯರು ಇನ್ನೊಬ್ಬ ತಜ್ಞರ ಅಭಿಪ್ರಾಯವನ್ನು ದೂರದಿಂದ ಕೇಳಿದಾಗ, ಕೇಳಿದವರೇ ಚಿಕಿತ್ಸೆ ಕೊಡುವ ವೈದ್ಯರಾಗಿ ಉಳಿಯುತ್ತಾರೆ, ಹೊಣೆ ಅವರದೇ. ‘ಬೆಂಗಳೂರಿನ ಡಾಕ್ಟರು ಹೇಳಿದ್ದರು’ ಎಂದು ಜಾರಿಕೊಳ್ಳಲು ಅವಕಾಶವಿಲ್ಲ. ರೋಗಿಯ ಪಾಲಿಗೆ ಇದು ದೊಡ್ಡ ಆಸರೆ, ಏಕೆಂದರೆ ತೆರೆಯ ಆಚೆ ಇರುವವರು ಕರೆ ಮುಗಿಸಿದ ಮೇಲೂ ಅವರ ಎದುರಿಗೆ ಒಬ್ಬರು ಹೊಣೆಗಾರರು ಕೂತಿರುತ್ತಾರೆ.

ಇ-ಸಂಜೀವಿನಿ

ಮೊಹಾಲಿಯ ಸಿ-ಡ್ಯಾಕ್ ರೂಪಿಸಿದ ಇ-ಸಂಜೀವಿನಿ 2019ರ ನವೆಂಬರ್‌ನಲ್ಲಿ ಆರೋಗ್ಯ ಕೇಂದ್ರಗಳಿಗಾಗಿ ಶುರುವಾಯಿತು. ಮನೆಯಿಂದಲೇ ವೈದ್ಯರನ್ನು ಕಾಣುವ ಹೊರರೋಗಿ ಸೇವೆ 2020ರ ಏಪ್ರಿಲ್‌ನಲ್ಲಿ ಸೇರಿತು. 2023ರ ಫೆಬ್ರುವರಿಯಲ್ಲಿ ಇದರ ಸಮಾಲೋಚನೆಗಳು 10 ಕೋಟಿ ದಾಟಿದವು. ಹೆಚ್ಚು ಬಳಸಿದ ರಾಜ್ಯಗಳಲ್ಲಿ ಆಂಧ್ರಪ್ರದೇಶ, ಪಶ್ಚಿಮ ಬಂಗಾಳ, ತಮಿಳುನಾಡುಗಳ ಜೊತೆ ಕರ್ನಾಟಕವೂ ಮುಂಚೂಣಿಯಲ್ಲಿತ್ತು.

ಮನೆಯಿಂದ ಮಾಡುವ ಕರೆಗಿಂತ ಉಪಕೇಂದ್ರದ ಮೂಲಕ ಆಗುವ ಸಮಾಲೋಚನೆ ರೆಫರಲ್‌ಗೆ ಹೆಚ್ಚು ಯೋಗ್ಯ. ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇರುತ್ತಾರೆ, ಬಹುಮಟ್ಟಿಗೆ ನರ್ಸಿಂಗ್ ಓದಿದವರು. ಸಕ್ಕರೆ ಕಾಯಿಲೆಯ ಅಜ್ಜಿಯೊಬ್ಬರು ಕಾಲಿನ ಹುಣ್ಣು ತೋರಿಸಲು ಬಂದರೆನ್ನಿ. ಅಧಿಕಾರಿ ಬಿ.ಪಿ. ನೋಡಿ, ಬೆರಳು ಚುಚ್ಚಿ ಶುಗರ್ ನೋಡಿ, ಹಳೆಯ ಚೀಟಿಗಳ ಫೋಟೋ ತೆಗೆದು ಎಲ್ಲವನ್ನೂ ಟ್ಯಾಬ್‌ಗೆ ತುಂಬುತ್ತಾರೆ. ತೆರೆಯ ಮೇಲೆ ಬಂದ ವೈದ್ಯರು ಹುಣ್ಣನ್ನು ಬೆಳಕಿಗೆ ಹಿಡಿಯಲು ಹೇಳುತ್ತಾರೆ. ‘ಮೊಣಕಾಲಿನ ಕೆಳಗೆ ಹೆಬ್ಬೆರಳಿನಿಂದ ಒತ್ತಿ ನೋಡಿ, ಗುಳಿ ಉಳಿಯುತ್ತಾ?’ ‘ಉಳಿಯುತ್ತೆ ಸರ್.’ ‘ಪಾದ ಮುಟ್ಟಿ. ಆ ಕಾಲಿಗಿಂತ ಈ ಕಾಲು ತಣ್ಣಗಿದೆಯಾ?’ ‘ಹೌದು ಸರ್, ಇದು ತಣ್ಣಗಿದೆ.’ ‘ಅಜ್ಜಿಗೆ ಬೆರಳು ಮುಟ್ಟಿದ್ದು ಗೊತ್ತಾಗುತ್ತಾ ಕೇಳಿ.’ ‘ಗೊತ್ತಾಗಲ್ವಂತೆ ಸರ್.’ ಈ ಮೂರು ಉತ್ತರಗಳಲ್ಲಿ ರೆಫರಲ್ ತೀರ್ಮಾನವಾಗಿಬಿಡುತ್ತದೆ. ತಣ್ಣಗಾದ, ಸ್ಪರ್ಶ ತಿಳಿಯದ ಕಾಲಿನ ಹುಣ್ಣಿಗೆ ಮುಲಾಮು ಬರೆದು ಕಳಿಸಿದರೆ ಆ ಕಾಲೇ ಹೋಗಬಹುದು, ಶಸ್ತ್ರಚಿಕಿತ್ಸಕರು ನೋಡಲೇಬೇಕು. ಮನೆಯಿಂದ ಮೊಮ್ಮಗ ಹಿಡಿದ ಫೋನಿನಲ್ಲಿ ಹುಣ್ಣು ಕಾಣುತ್ತಿತ್ತು, ತಂಪು ಕಾಣುತ್ತಿರಲಿಲ್ಲ. ತರಬೇತಾದ ಕೈಯೊಂದು ರೋಗಿಯ ಪಕ್ಕದಲ್ಲಿರುವುದು ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ವಾದ ಬೇಕಿಲ್ಲ.

ಇದೇ ವ್ಯವಸ್ಥೆ ಕಳಿಸಬೇಕಿಲ್ಲದವರನ್ನು ಊರಲ್ಲೇ ಉಳಿಸಿಕೊಳ್ಳುತ್ತದೆ ಎಂಬುದೂ ಅಷ್ಟೇ ದೊಡ್ಡ ಲಾಭ. ಚರ್ಮದ ಕಜ್ಜಿ, ನಿಯಂತ್ರಣದಲ್ಲಿರುವ ಬಿ.ಪಿ., ಥೈರಾಯ್ಡ್ ಮಾತ್ರೆಯ ಪ್ರಮಾಣ ಬದಲಾವಣೆ, ಇವಕ್ಕೆ ಜಿಲ್ಲಾ ಕೇಂದ್ರಕ್ಕೆ ಹೋಗಿ ಬರುವ ದಿನ ಉಳಿಯುತ್ತದೆ.

ಹೃದಯ, ಕಣ್ಣು, ಮನಸ್ಸು

ಕೆಲವು ಕಾಯಿಲೆಗಳಲ್ಲಿ ದೂರವೈದ್ಯ ರೆಫರಲ್ ತನ್ನ ಪೂರ್ಣ ಶಕ್ತಿಯಲ್ಲಿ ಕಾಣುತ್ತದೆ. ರಕ್ತನಾಳ ಪೂರ್ತಿ ಕಟ್ಟಿ ಆಗುವ ಹೃದಯಾಘಾತದಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದು ಎಷ್ಟು ಬೇಗ ಬೀಳುತ್ತದೋ ಅಷ್ಟು ಹೃದಯದ ಸ್ನಾಯು ಉಳಿಯುತ್ತದೆ. ಮೊದಲ 12 ಗಂಟೆ ದಾಟಿದರೆ ಅದರ ಪ್ರಯೋಜನ ಬಹಳ ಕಡಿಮೆ. ನಟ ಪುನೀತ್ ರಾಜ್‌ಕುಮಾರ್ ನೆನಪಿನಲ್ಲಿ ಕರ್ನಾಟಕ ಸರ್ಕಾರ ತಂದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರ ಆಸ್ಪತ್ರೆಗೆ ಹೋಗುತ್ತದೆ. ಹೃದಯಾಘಾತ ಖಚಿತವಾದರೆ ದುಬಾರಿಯಾದ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಟ್ಟು, ನಂತರ ಆಂಜಿಯೋಗ್ರಾಮ್‌ಗೆ ಮುಂದಕ್ಕೆ ಕಳಿಸುತ್ತಾರೆ. ಮೊದಲು ಚಿಕಿತ್ಸೆ, ಆಮೇಲೆ ಪ್ರಯಾಣ. ಹಳೆಯ ಪದ್ಧತಿಯಲ್ಲಿ ಇದು ತಿರುಗುಮುರುಗಾಗಿತ್ತು, ಆಂಬುಲೆನ್ಸಿನಲ್ಲಿ ಕಳೆದ ಗಂಟೆಗಳು ಚಿಕಿತ್ಸೆಯಿಲ್ಲದ ಗಂಟೆಗಳಾಗಿದ್ದವು.

ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳ ಕಣ್ಣಿನ ಪರದೆಯಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕುರುಡು ಬರಬಹುದು. ಹುಟ್ಟಿದ 30 ದಿನದೊಳಗೆ ಕಣ್ಣು ಪರೀಕ್ಷೆ ಆಗಬೇಕು, ತೀವ್ರ ಹಂತ ಕಂಡರೆ ಎರಡು ಮೂರು ದಿನಗಳಲ್ಲಿ ಲೇಸರ್ ಆಗಬೇಕು. ಹಸುಗೂಸನ್ನು ಬೆಂಗಳೂರಿಗೆ ಕರೆದೊಯ್ಯಿರಿ ಎಂದು ಬರೆದುಕೊಟ್ಟರೆ ಎಷ್ಟೋ ತಾಯಂದಿರಿಗೆ ಅದು ಆಗದ ಮಾತು. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿಣೇಕರ್ ಅವರ ಮುಂದಾಳತ್ವದಲ್ಲಿ 2008ರಿಂದ ನಡೆದ ‘ಕಿಡ್ರಾಪ್’ ಯೋಜನೆ ದಾರಿಯನ್ನೇ ತಿರುಗಿಸಿತು. ತರಬೇತಾದ ತಂತ್ರಜ್ಞರು ಕ್ಯಾಮರಾ ಹಿಡಿದು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋದರು. ತಾವೇ ಚಿತ್ರ ತೆಗೆದು ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸಿದರು. ಚಿತ್ರಗಳನ್ನು ಬೆಂಗಳೂರಿನ ತಜ್ಞರು ನೋಡಿದರು. ಚಿಕಿತ್ಸೆ ಬೇಕಾದ ಮಗುವಿಗೆ ಅದಿದ್ದ ಊರಲ್ಲೇ ಲೇಸರ್ ಮಾಡುವ ಏರ್ಪಾಡು ಆಯಿತು. ರೆಫರಲ್ ಎಂದರೆ ರೋಗಿಯೇ ಪ್ರಯಾಣ ಮಾಡಬೇಕು ಎಂದು ತಿಳಿದಿದ್ದವರ ಎಣಿಕೆಯನ್ನು ಈ ಯೋಜನೆ ಬದಲಿಸಿತು. ಕರ್ನಾಟಕದ ವೈದ್ಯಕೀಯ ಚರಿತ್ರೆಯಲ್ಲಿ ಇದಕ್ಕೆ ಸಿಗಬೇಕಾದಷ್ಟು ಪ್ರಚಾರ ಸಿಕ್ಕಿಲ್ಲ.

ಮಾನಸಿಕ ಆರೋಗ್ಯದಲ್ಲಿ ಟೆಲಿ ಮಾನಸ್ ಇದೆ. 2022ರ ಅಕ್ಟೋಬರ್ 10ರಂದು ಬೆಂಗಳೂರಿನಲ್ಲಿ ಚಾಲನೆಗೊಂಡ ಈ ಸೇವೆಗೆ ನಿಮ್ಹಾನ್ಸ್ ಮುಖ್ಯ ಕೇಂದ್ರ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುವ ಆಪ್ತಸಮಾಲೋಚಕರು ಸಿಗುತ್ತಾರೆ, ಹಗಲೂ ರಾತ್ರಿಯೂ. ಅವರ ಮಟ್ಟದಲ್ಲಿ ಮುಗಿಯದ್ದು ಎರಡನೇ ಹಂತಕ್ಕೆ, ಅಂದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಥವಾ ವೈದ್ಯಕೀಯ ಕಾಲೇಜಿನ ಮನೋವೈದ್ಯರಿಗೆ ಹೋಗುತ್ತದೆ, ಇಲ್ಲವೇ ಇ-ಸಂಜೀವಿನಿಯ ವಿಡಿಯೋ ಸಮಾಲೋಚನೆಗೆ. ಆಸ್ಪತ್ರೆಯ ಮನೋರೋಗ ವಿಭಾಗದ ಮುಂದೆ ಯಾರಾದರೂ ಕಂಡಾರೆಂದು ಅಳುಕುವವರಿಗೆ ಫೋನಿನಿಂದ ಆರಂಭವಾಗುವ ಈ ದಾರಿ ಸುಲಭ.

ಪತ್ರದ ಒಳಗೆ

ತಂತ್ರಜ್ಞಾನ ಯಾವುದೇ ಇರಲಿ, ಮುಂದಿನ ವೈದ್ಯರ ಕೈಗೆ ಸಿಗುವುದು ಒಂದು ಪತ್ರ. ‘ಎದೆನೋವು. ಹೃದ್ರೋಗ ತಜ್ಞರಿಗೆ’ ಎಂದು ಬರೆದರೆ ರೆಫರಲ್ ಆಯಿತೆಂದು ಹೇಳಬಹುದೇ ಹೊರತು ಅದರಿಂದ ಕೆಲಸವಾಗುವುದಿಲ್ಲ. ಬರೆಯಬೇಕಾದ್ದು ಹೀಗೆ: ‘54 ವರ್ಷದ ಮಹಿಳೆ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಬೆಳಗ್ಗೆ 6ರಿಂದ ಎದೆ ಹಿಂಡುವ ನೋವು, ಬೆವರು. ವಿಡಿಯೋ ಮೂಲಕ ನೋಡಿದ್ದು, ಎದೆಯ ಸದ್ದು ಕೇಳಿಲ್ಲ. ಉಪಕೇಂದ್ರದ ಬಿ.ಪಿ. 150/90. ಆಸ್ಪಿರಿನ್ ಕೊಡಿಸಿದೆ, 7.10ಕ್ಕೆ. ಪೆನಿಸಿಲಿನ್ ಅಲರ್ಜಿ ಇದೆ. ತುರ್ತಾಗಿ ಇಸಿಜಿ ಬೇಕು.’ ಕೊನೆಯಲ್ಲಿ ವೈದ್ಯರ ಹೆಸರು, ನೋಂದಣಿ ಸಂಖ್ಯೆ, ಮರಳಿ ಸಂಪರ್ಕಿಸುವ ಬಗೆ.

‘ಎದೆಯ ಸದ್ದು ಕೇಳಿಲ್ಲ’ ಎಂಬ ಮಾತು ದೂರವೈದ್ಯರ ಪತ್ರದಲ್ಲಿ ಇರಲೇಬೇಕು. ಏನನ್ನು ನೋಡಲಿಲ್ಲ, ಮುಟ್ಟಲಿಲ್ಲ ಎಂದು ತಿಳಿಸದಿದ್ದರೆ ಮುಂದಿನ ವೈದ್ಯರು ಅದೆಲ್ಲ ಆಗಿದೆ ಎಂದುಕೊಳ್ಳುತ್ತಾರೆ. ತುರ್ತಾಗಿ ಹೋಗಬೇಕೋ, ವಾರದೊಳಗೋ, ತಿಂಗಳೊಳಗೋ ಎಂಬುದನ್ನೂ ರೋಗಿಗೆ ತಿಳಿಯುವ ಕನ್ನಡದಲ್ಲಿ ಹೇಳಿ, ಬರೆದುಕೊಡುವುದು ವೈದ್ಯರ ಕರ್ತವ್ಯ.

ಯೋಜನೆ ಮತ್ತು ವಿಮೆ

ರೋಗಿಗಳು ಹೆಚ್ಚು ಎಡವುವುದು ಇಲ್ಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30ರಷ್ಟನ್ನು ಸರ್ಕಾರ ಭರಿಸುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಆದರೆ ಖಾಸಗಿ ಆಸ್ಪತ್ರೆಯಲ್ಲಿ ಈ ಸೌಲಭ್ಯ ಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಆ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲೇ ಇದ್ದರೆ ಹೊರಗೆ ಬರೆದುಕೊಡುವುದಿಲ್ಲ. ಯೋಜನೆ ಪಟ್ಟಿ ಮಾಡಿದ ತುರ್ತು ಚಿಕಿತ್ಸೆಗಳಿಗೆ ಮಾತ್ರ ವಿನಾಯಿತಿ. ಹಾಗಾಗಿ ಖಾಸಗಿ ಆ್ಯಪ್‌ನಲ್ಲಿ ಸಿಕ್ಕ ವೈದ್ಯರು ಎಷ್ಟೇ ಚೆನ್ನಾಗಿ ಬರೆದುಕೊಟ್ಟರೂ ಆ ಪತ್ರ ವೈದ್ಯಕೀಯವಾಗಿ ಉಪಯೋಗಕ್ಕೆ ಬರುತ್ತದೆ, ಯೋಜನೆಯ ಬಾಗಿಲು ತೆರೆಯುವುದಿಲ್ಲ. ಕರೆ ಮುಗಿಯುವ ಮೊದಲೇ ಇದನ್ನು ವೈದ್ಯರು ತಿಳಿಸಿದರೆ ಒಂದು ಕುಟುಂಬದ ಅಲೆದಾಟ ತಪ್ಪುತ್ತದೆ. ಕೇಂದ್ರ ನೌಕರರ ಸಿಜಿಎಚ್‌ಎಸ್, ಕಾರ್ಮಿಕರ ಇಎಸ್‌ಐಗಳಲ್ಲೂ ಅವುಗಳದೇ ವೈದ್ಯರ ರೆಫರಲ್ ನಡೆಯುತ್ತದೆ. ಖಾಸಗಿ ವಿಮೆಯ ಮಟ್ಟಿಗೆ, ವೈದ್ಯರ ಭೇಟಿಯ ಖರ್ಚು ಕೊಡುವ ಪಾಲಿಸಿಗಳು ದೂರವೈದ್ಯವನ್ನೂ ಒಪ್ಪಬೇಕೆಂದು ವಿಮಾ ಪ್ರಾಧಿಕಾರ 2020ರ ಜೂನ್‌ನಲ್ಲಿ ಹೇಳಿದೆ.

ಬೇರೆ ದೇಶಗಳಲ್ಲಿ

ಆಸ್ಟ್ರೇಲಿಯಾದಲ್ಲಿ ರೆಫರಲ್ ಪತ್ರಕ್ಕೆ ನೇರವಾದ ಹಣದ ಬೆಲೆಯಿದೆ. ಜಿ.ಪಿ. ಎಂದು ಕರೆಯುವ ಕುಟುಂಬ ವೈದ್ಯರ ಪತ್ರವಿಲ್ಲದೆ ತಜ್ಞರನ್ನು ಕಂಡರೆ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನಿಂದ ತಜ್ಞರ ದರದ ಮರುಪಾವತಿ ಸಿಗುವುದಿಲ್ಲ. ಜಿ.ಪಿ. ಪತ್ರ ಸಾಮಾನ್ಯವಾಗಿ ತಜ್ಞರ ಮೊದಲ ಭೇಟಿಯಿಂದ 12 ತಿಂಗಳು, ಒಬ್ಬ ತಜ್ಞರು ಇನ್ನೊಬ್ಬರಿಗೆ ಬರೆದದ್ದು 3 ತಿಂಗಳು ನಡೆಯುತ್ತದೆ. ಹಿಂದಿನ ತಾರೀಖು ಹಾಕಿ ಬರೆಯುವಂತಿಲ್ಲ. ದೂರವೈದ್ಯ ಅಲ್ಲಿ 2022ರ ಜನವರಿಯಿಂದ ಕಾಯಂ ಆಗಿದೆ, ಆದರೆ ಜಿ.ಪಿ. ಕರೆಗೆ ಮೆಡಿಕೇರ್ ಹಣ ಸಿಗಲು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಹಿಂದಿನ 12 ತಿಂಗಳಲ್ಲಿ ಒಮ್ಮೆಯಾದರೂ ಆ ಕ್ಲಿನಿಕ್‌ನಲ್ಲಿ ಮುಖತಃ ತೋರಿಸಿರಬೇಕು. ಪರಿಚಯವಿಲ್ಲದ ವೈದ್ಯರಿಂದ ಬರೀ ಪತ್ರಕ್ಕಾಗಿ ಕರೆ ಮಾಡುವ ರೂಢಿಗೆ ಇದು ತಡೆ. ಸಿಡ್ನಿ, ಮೆಲ್ಬೋರ್ನ್‌ಗಳ ಕನ್ನಡ ಕುಟುಂಬಗಳು ಊರಿನಿಂದ ತಂದೆತಾಯಿಯನ್ನು ಕರೆಸಿಕೊಂಡಾಗ ತಿಳಿದಿರಬೇಕಾದ ಇನ್ನೊಂದು ಸಂಗತಿ: ಸಂದರ್ಶಕ ವೀಸಾದಲ್ಲಿ ಬಂದ ಭಾರತೀಯರಿಗೆ ಮೆಡಿಕೇರ್ ಅನ್ವಯಿಸುವುದಿಲ್ಲ, ಜಿ.ಪಿ. ರೆಫರಲ್ ಇದ್ದರೂ ಪೂರ್ತಿ ಹಣ ಕೈಯಿಂದಲೇ.

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ 2015ರಲ್ಲಿ ಇ-ರೆಫರಲ್ ಸೇವೆ ತಂದು, 2018ರ ಅಕ್ಟೋಬರ್‌ನಿಂದ ತಜ್ಞರ ಮೊದಲ ಹೊರರೋಗಿ ಭೇಟಿಗೆ ಕಾಗದದ ಪತ್ರವನ್ನು ನಿಲ್ಲಿಸಿತು. ಕಳಿಸುವ ಮೊದಲು ಜಿ.ಪಿ. ತಜ್ಞರಿಗೆ ಬರೆದು ಸಲಹೆ ಕೇಳುವ ಅವಕಾಶವೂ ಅದರಲ್ಲಿದೆ. ಎಷ್ಟೋ ಸಲ ಆ ಸಲಹೆಯಿಂದಲೇ ರೋಗಿಯ ಪ್ರಯಾಣ ತಪ್ಪುತ್ತದೆ.

ಕೊರತೆಗಳು

ರೆಫರಲ್‌ಗೆ ಕಮಿಷನ್ ಕೊಡುವುದನ್ನೂ ಪಡೆಯುವುದನ್ನೂ 2002ರ ವೃತ್ತಿನಡತೆ ನಿಯಮಗಳು ನಿಷೇಧಿಸಿವೆ. ‘ಕಟ್’ ಎಂದು ಕರೆಯುವ ಈ ವ್ಯವಹಾರ ಎದುರುಬದುರಿನ ವೈದ್ಯದಲ್ಲೇ ಹೋಗಿಲ್ಲ. ಆನ್‌ಲೈನ್‌ನಲ್ಲಿ ಅದನ್ನು ಗುರುತಿಸುವುದು ಇನ್ನೂ ಕಷ್ಟ. ಉಚಿತ ಸಮಾಲೋಚನೆ ಕೊಟ್ಟು, ಕೊನೆಗೆ ತಮ್ಮದೇ ಸಮೂಹದ ಆಸ್ಪತ್ರೆಯತ್ತ ಕಳಿಸುವ ವೇದಿಕೆಯಲ್ಲಿ ರೋಗಿಗೆ ಯಾವ ಆಯ್ಕೆ ಉಳಿಯುತ್ತದೆ? ಇಂಥಲ್ಲೇ ಯಾಕೆ, ಬೇರೆಡೆ ಇದೆಯೇ ಎಂದು ಕೇಳುವ ಹಕ್ಕು ರೋಗಿಗಿದೆ, ಕೇಳಬೇಕು.

ನೆಟ್‌ವರ್ಕ್ ಸಿಗದ ಊರುಗಳು ಮಲೆನಾಡಿನಲ್ಲಿ ಈಗಲೂ ಇವೆ. ವಿಡಿಯೋ ನಿಂತು ನಿಂತು ಬರುವಲ್ಲಿ ಉಸಿರಾಟದ ವೇಗ ಎಣಿಸಲಾಗದು. ಸ್ವಂತ ಫೋನಿಲ್ಲದ ಹೆಂಗಸರು ಮನೆಯ ಗಂಡಸರ ಫೋನಿನಲ್ಲಿ ತಮ್ಮ ಮುಟ್ಟಿನ ತೊಂದರೆಯನ್ನೋ ಬಿಳಿಸೆರಗನ್ನೋ ಹೇಳಿಕೊಳ್ಳಲಾರರು. ಇವರಿಗೆ ಆಶಾ ಕಾರ್ಯಕರ್ತೆಯರು, ಉಪಕೇಂದ್ರದ ಸಿಬ್ಬಂದಿ ಬೇಕು. ಬರೀ ಆ್ಯಪ್ ಸಾಲದು.

ಎಲ್ಲಕ್ಕಿಂತ ದೊಡ್ಡ ಕೊರತೆ ಮರಳಿ ಬರುವ ಪತ್ರದ್ದು. ಜಿಲ್ಲಾಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿಸಿಕೊಂಡು ಊರಿಗೆ ಬಂದವರಿಗೆ ಯಾವ ಮಾತ್ರೆ ಎಷ್ಟು ತಿಂಗಳು ನಿಲ್ಲಿಸಬಾರದು ಎಂಬುದು ಕಳಿಸಿದ ಉಪಕೇಂದ್ರಕ್ಕೆ ತಿಳಿಯುವುದೇ ಇಲ್ಲ. ಮೇಲಕ್ಕೆ ಹೋದ ಮಾಹಿತಿಯಷ್ಟೇ ಕೆಳಕ್ಕೆ ಬರುವ ಮಾಹಿತಿಯೂ ಜೀವ ಉಳಿಸುತ್ತದೆ. 2021ರ ಸೆಪ್ಟೆಂಬರ್ 27ರಂದು ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಕೊಡುವ 14 ಅಂಕಿಯ ಆಭಾ ಸಂಖ್ಯೆ, ರೋಗಿಯ ಒಪ್ಪಿಗೆಯಿದ್ದರೆ, ಒಂದು ಆಸ್ಪತ್ರೆಯ ದಾಖಲೆ ಇನ್ನೊಂದಕ್ಕೆ ಕಾಣುವಂತೆ ಮಾಡುತ್ತದೆ. ಇ-ಸಂಜೀವಿನಿಯೂ ಇದಕ್ಕೆ ಜೋಡಣೆಯಾಗಿದೆ. ಆದರೆ ಡಿಸ್ಚಾರ್ಜ್ ಸಾರಾಂಶವನ್ನು ಅಲ್ಲಿನ ಸಿಬ್ಬಂದಿ ತುಂಬಿದರೆ ಮಾತ್ರ ಇಲ್ಲಿನವರಿಗೆ ಕಾಣುವುದು. ಅಲ್ಲಿಯವರೆಗೆ ಊರಿಗೆ ಮರಳಿದವರು ಆ ಕಾಗದದ ಫೋಟೋ ತೆಗೆದಿಟ್ಟುಕೊಂಡು, ಮೊದಲ ವಾರದಲ್ಲೇ ತಮ್ಮ ಸಮುದಾಯ ಆರೋಗ್ಯ ಅಧಿಕಾರಿಗೆ ತೋರಿಸುವುದು ಒಳ್ಳೆಯದು. ಮುಂದಿನ ದೂರ ಸಮಾಲೋಚನೆಗೆ ಅದೇ ಮೊದಲ ದಾಖಲೆ.